ತಿಂಗಳ ಬಜೆಟ್ ಪದೇ ಪದೇ ಮುರಿಯುತ್ತಾ? ವರ್ಷದ ಖರ್ಚಿನಿಂದ ಶುರುಮಾಡಿ

ನಮ್ಮ ಮನೆಯಲ್ಲಿ ಬಜೆಟ್ ಅನ್ನೋದು ಕನಿಷ್ಠ ಹತ್ತು ಸಲ ಶುರುವಾಗಿ ಹತ್ತು ಸಲ ನಿಂತಿದೆ. ಪ್ರತಿ ಸಲ ಹೊಸ ನೋಟ್‌ಬುಕ್, ಹೊಸ ಪೆನ್ನು, ಒಂದನೇ ತಾರೀಖು. ಮೊದಲ ತಿಂಗಳು ಚೆನ್ನಾಗೇ ನಡೆಯುತ್ತದೆ. ಎರಡನೇ ತಿಂಗಳು ಯಾರದೋ ಗೃಹಪ್ರವೇಶ, ಮೂರನೇ ತಿಂಗಳು ಸ್ಕೂಲ್ ಫೀಸು. ಅಲ್ಲಿಗೆ ಲೆಕ್ಕದ ಪುಸ್ತಕ ಮಕ್ಕಳ ರಫ್ ನೋಟ್ ಆಗಿಹೋಗುತ್ತದೆ.

ತುಂಬಾ ದಿನ ನಾನು ತಪ್ಪೆಲ್ಲಾ ಹೊರಗಿನ ಕಾಫಿಯದು, ಮಸಾಲೆ ದೋಸೆಯದು ಅಂದುಕೊಂಡಿದ್ದೆ. ಅದನ್ನು ಬಿಟ್ಟೂ ನೋಡಿದೆವು. ಮುಖ ಸಪ್ಪಗಾಯಿತು, ದುಡ್ಡು ಉಳಿಯಲಿಲ್ಲ. ಆಮೇಲೆ ಒಂದು ಭಾನುವಾರ ಕೂತು ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದಾಗ ಗೊತ್ತಾಯಿತು, ನಮ್ಮನ್ನು ಮುಳುಗಿಸುತ್ತಿದ್ದದ್ದು ದಿನದ ಖರ್ಚಲ್ಲ, ವರ್ಷಕ್ಕೆ ಒಂದು ಸಲ, ಎರಡು ಸಲ ಬರುವ ಖರ್ಚು. ಫೀಸು, ಹಬ್ಬ, ಇನ್ಶೂರೆನ್ಸು, ಮದುವೆ ಮುಯ್ಯಿ, ಊರಿಗೆ ಹೋಗಿಬರೋದು. ಇವು ಪ್ರತಿ ವರ್ಷ ಬರುತ್ತವೆ, ಆದರೂ ಪ್ರತಿ ವರ್ಷ "ಅಯ್ಯೋ ಈ ತಿಂಗಳು ಅಚಾನಕ್ಕಾಗಿ ಬಂತು" ಅನ್ನುತ್ತೇವೆ. ಗಣೇಶನ ಹಬ್ಬ ಅಚಾನಕ್ಕಾಗಿ ಬರುತ್ತಾ?

ಹಾಗಾಗಿ ಈ ಮಾರ್ಗದರ್ಶಿ ಉಲ್ಟಾ ದಾರಿಯಲ್ಲಿ ಹೋಗುತ್ತದೆ. ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಉದಾಹರಣೆಗೆ ನಮ್ಮನೆಯ ಅಂಕಿಗಳನ್ನೇ ಕೊಡುತ್ತೇನೆ. ಮೈಸೂರು, ಬಾಡಿಗೆ ಮನೆ, ಇಬ್ಬರು ಮಕ್ಕಳು. ಮನೆಯವರ ಸಂಬಳ ಮತ್ತು ನಾನು ಸಂಜೆ ಹೇಳಿಕೊಡುವ ಟ್ಯೂಷನ್ ಸೇರಿ ಕೈಗೆ ಬರುವುದು ತಿಂಗಳಿಗೆ 52,000 ರೂಪಾಯಿ. ನಿಮ್ಮ ಅಂಕಿ ಬೇರೆ ಇರುತ್ತದೆ, ಲೆಕ್ಕದ ದಾರಿ ಇದೇ.

ಹಂತ 1: ಹಿಂದಿನ ಹನ್ನೆರಡು ತಿಂಗಳು ನೋಡಿ

ಎಲ್ಲರೂ ಹೇಳುವುದು "ಮುಂದಿನ 30 ದಿನ ಖರ್ಚು ಬರೆದಿಡಿ" ಅಂತ. ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಆ 30 ದಿನದೊಳಗೆ ಫೀಸು ಕಟ್ಟುವ ಜೂನ್ ಬರದೆ ಇರಬಹುದು, ದೀಪಾವಳಿ ಬರದೆ ಇರಬಹುದು. ಆಗ ನಿಮ್ಮ ಲೆಕ್ಕ ಸುಳ್ಳು ಸಮಾಧಾನ ಕೊಡುತ್ತದೆ.

ಬ್ಯಾಂಕ್ ಆಪ್‌ನಲ್ಲಿ ಒಂದು ವರ್ಷದ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಆಪ್ ಇಲ್ಲದಿದ್ದರೆ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬನ್ನಿ. ಫೋನ್‌ಪೇ, ಗೂಗಲ್ ಪೇ ಮಾಡಿದ್ದೆಲ್ಲ ಅದೇ ಖಾತೆಯಿಂದ ಹೋಗಿರುವುದರಿಂದ ಬಹುಪಾಲು ಖರ್ಚು ಅಲ್ಲೇ ಸಿಗುತ್ತದೆ. ಒಂದು ವಿಷಯ ನೆನಪಿಡಿ: ಯುಪಿಐ ಲೈಟ್ (ಸಣ್ಣ ಖರ್ಚಿಗೆ ಅಂತ ಆಪ್‌ನಲ್ಲೇ ಮೊದಲೇ ದುಡ್ಡು ತುಂಬಿಡುವುದು) ಬಳಸುವವರಿಗೆ ಸ್ಟೇಟ್‌ಮೆಂಟ್‌ನಲ್ಲಿ ಲೈಟ್‌ಗೆ ದುಡ್ಡು ತುಂಬಿದ್ದು ಮಾತ್ರ ಕಾಣುತ್ತದೆ, ಆ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಆಪ್‌ನ ಹಿಸ್ಟರಿಯಲ್ಲೇ ನೋಡಬೇಕು.

ಈಗ ಎರಡು ಬಣ್ಣದ ಪೆನ್ನು ಸಾಕು. ಪ್ರತಿ ತಿಂಗಳೂ ಬರುವ ಖರ್ಚಿಗೆ ನೀಲಿ, ಯಾವಾಗಲೋ ಒಮ್ಮೆ ಬರುವ ಖರ್ಚಿಗೆ ಕೆಂಪು. ಇಪ್ಪತ್ತು ಹೆಡ್ಡಿಂಗ್ ಮಾಡಿ ಎಕ್ಸೆಲ್ ಶೀಟ್ ಕಟ್ಟಲು ಹೋಗಬೇಡಿ. ನಾನು ಮಾಡಿದ್ದೆ, ಶೀಟ್ ಚೆನ್ನಾಗಿ ಬಂದಿತ್ತು, ಎರಡನೇ ವಾರಕ್ಕೆ ತೆರೆಯಲೇ ಇಲ್ಲ. ಎಟಿಎಂನಿಂದ ತೆಗೆದ ನಗದು ಎಲ್ಲಿ ಹೋಯಿತು ಅಂತ ನೆನಪಾಗದಿದ್ದರೆ "ನಗದು" ಅಂತ ಬರೆದು ಮುಂದೆ ಹೋಗಿ.

ಹಂತ 2: ಗೋಡೆಯ ಕ್ಯಾಲೆಂಡರ್ ತಿರುವಿ ವರ್ಷದ ಪಟ್ಟಿ ಮಾಡಿ

ಕೆಂಪು ಗೆರೆಗಳನ್ನು ಒಂದು ಹಾಳೆಗೆ ಇಳಿಸಿ. ಆಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನೋ ಮನೆಯಲ್ಲಿರುವ ಬೇರೆ ಯಾವುದನ್ನೋ ತಗೊಂಡು ಒಂದೊಂದೇ ತಿಂಗಳು ತಿರುವಿ, ಬಿಟ್ಟುಹೋಗಿದ್ದನ್ನು ಸೇರಿಸಿ. ಕ್ಯಾಲೆಂಡರ್ ಯಾಕೆ ಬೇಕು ಅಂದರೆ, ಹಬ್ಬ ನೋಡಿದ ಕೂಡಲೇ ಖರ್ಚು ನೆನಪಾಗುತ್ತದೆ. ವರಮಹಾಲಕ್ಷ್ಮಿ ಅಂದರೆ ಹೂವಿನ ರೇಟು ನೆನಪಾಗುತ್ತದೆ. ಆಯುಧಪೂಜೆ ಅಂದರೆ ಗಾಡಿ ಸರ್ವಿಸ್, ಕುಂಬಳಕಾಯಿ, ಬಾಳೆಕಂದು. ವೈಶಾಖ ಅಂದರೆ ಮದುವೆ ಪತ್ರಿಕೆಗಳ ಸಾಲು. ಆಷಾಢದಲ್ಲಿ ಮಾತ್ರ ಸ್ವಲ್ಪ ಉಸಿರು ಬಿಡಬಹುದು, ಮುಯ್ಯಿ ಇಲ್ಲ, ಬಟ್ಟೆ ಅಂಗಡಿಯಲ್ಲಿ ಡಿಸ್ಕೌಂಟ್ ಬೇರೆ.

ನಮ್ಮ ಪಟ್ಟಿ ಹೀಗಿತ್ತು:

- ಇಬ್ಬರ ಸ್ಕೂಲ್ ಫೀಸು, ಎರಡು ಕಂತು: 64,000
- ಪುಸ್ತಕ, ಯೂನಿಫಾರಂ, ಶೂ: 12,000
- ಹಬ್ಬಗಳು, ಹಬ್ಬದ ಬಟ್ಟೆಯೂ ಸೇರಿ: 22,000
- ಮುಯ್ಯಿ, ಉಡುಗೊರೆ: 12,000
- ಆರೋಗ್ಯ ವಿಮೆ: 19,000
- ಟರ್ಮ್ ಇನ್ಶೂರೆನ್ಸ್ (ಜೀವ ವಿಮೆ): 11,000
- ಗಾಡಿಯ ಇನ್ಶೂರೆನ್ಸ್, ಸರ್ವಿಸ್, ಟೈರು: 7,000
- ಊರಿಗೆ, ಮನೆದೇವರಿಗೆ ಹೋಗಿಬರೋದು: 9,000
- ಮಿಕ್ಸಿ, ಸ್ಟೌ, ನಲ್ಲಿ ಅಂತ ರಿಪೇರಿ: 6,000

ಒಟ್ಟು 1,62,000. ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 13,500.

ಈ ಅಂಕಿ ನೋಡಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾಕೆಂದರೆ ನಮ್ಮ ಆದಾಯ 52,000 ಅಂದುಕೊಂಡು ಇಷ್ಟು ವರ್ಷ ಬದುಕಿದ್ದೆವು. ನಿಜವಾಗಿ ಕೈಯಲ್ಲಿದ್ದದ್ದು 38,500. ಉಳಿದದ್ದು ಆಗಲೇ ಬೇರೆಯವರ ದುಡ್ಡು, ನಮ್ಮ ಖಾತೆಯಲ್ಲಿ ಸ್ವಲ್ಪ ದಿನ ಕೂತಿರುತ್ತದೆ ಅಷ್ಟೇ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಎಲ್ಲರೂ ಹೇಳುತ್ತಾರೆ, ಹಾಸಿಗೆಗೆ ಅಳತೆ ಪಟ್ಟಿ ಹಿಡಿದು ನೋಡಿದವರು ಕಡಿಮೆ.

ಸ್ವಂತ ಮನೆ ಇದ್ದವರು ಆಸ್ತಿ ತೆರಿಗೆಯನ್ನೂ ಈ ಪಟ್ಟಿಗೆ ಹಾಕಿ. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ರಿಯಾಯಿತಿ ಸಿಗುತ್ತದೆ. ದುಡ್ಡು ಮೊದಲೇ ಎತ್ತಿಟ್ಟವರಿಗೆ ಮಾತ್ರ ಇಂಥ ರಿಯಾಯಿತಿ ದಕ್ಕೋದು. ಇನ್ನು ಆರೋಗ್ಯ ವಿಮೆಯ ಸಾಲಿನಲ್ಲಿ ಹಳೆಯ ಅಂಕಿಯನ್ನೇ ಬರೆಯಬೇಡಿ, 2025ರ ಸೆಪ್ಟೆಂಬರ್ 22ರಿಂದ ನಾವು ಸ್ವಂತವಾಗಿ ಮಾಡಿಸುವ ಆರೋಗ್ಯ ಮತ್ತು ಜೀವ ವಿಮೆಯ ಕಂತಿನ ಮೇಲಿದ್ದ 18% ಜಿಎಸ್‌ಟಿ ತೆಗೆದಿದ್ದಾರೆ. ಹೊಸ ರಿನ್ಯೂವಲ್ ನೋಟಿಸ್ ನೋಡಿ ಬರೆಯಿರಿ.

ಹಂತ 3: ಆ ದುಡ್ಡಿಗೆ ಬೇರೆ ಖಾತೆ, ಅದೂ ಕೈಗೆ ಸಿಗದಂತೆ

ಹಿಂದೆಲ್ಲ ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದರಲ್ಲ, ಅದರ ಗುಟ್ಟು ಡಬ್ಬಿಯಲ್ಲಿರಲಿಲ್ಲ. ಬೇರೆ ಯಾರೂ ಅಲ್ಲಿ ಕೈ ಹಾಕುತ್ತಿರಲಿಲ್ಲ, ಅದು. ಈಗ ನಮಗೆ ಬೇಕಿರುವುದೂ ಅಂಥದ್ದೇ ಒಂದು ಖಾತೆ.

ಎರಡನೇ ಉಳಿತಾಯ ಖಾತೆ ತೆರೆಯಿರಿ, ಅಥವಾ ಸುಮ್ನೆ ಬಿದ್ದಿರುವ ಹಳೆಯ ಖಾತೆಯನ್ನು ಎಬ್ಬಿಸಿ. ಕನಿಷ್ಠ ಬ್ಯಾಲೆನ್ಸ್ ಇಡಬೇಕಲ್ಲ ಅನ್ನುವ ಚಿಂತೆ ಈಗ ಅಷ್ಟಿಲ್ಲ. ಎಸ್‌ಬಿಐ 2020ರಲ್ಲೇ ಅದನ್ನು ತೆಗೆಯಿತು, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ತೆಗೆಯಿತು. ಈ ಖಾತೆಯನ್ನು ಯಾವ ಯುಪಿಐ ಆಪ್‌ಗೂ ಜೋಡಿಸಬೇಡಿ. ಡೆಬಿಟ್ ಕಾರ್ಡ್ ಕೊಟ್ಟರೆ ಬೀರುವಿನ ಲಾಕರ್‌ನಲ್ಲಿಡಿ. ಸಂಬಳ ಬಂದ ಮಾರನೇ ದಿನ 13,500 ತಾನಾಗೇ ಅಲ್ಲಿಗೆ ಹೋಗುವಂತೆ ಬ್ಯಾಂಕ್‌ನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಸಿ. "ತಿಂಗಳ ಕೊನೆಗೆ ಉಳಿದದ್ದು ಹಾಕೋಣ" ಅಂದರೆ ಏನೂ ಉಳಿಯುವುದಿಲ್ಲ.

ಪೋಸ್ಟ್ ಆಫೀಸ್ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಇದಕ್ಕೆ ಆಗಲ್ವಾ ಅಂತ ನನ್ನ ತಂಗಿ ಕೇಳಿದಳು. ಅದು 5 ವರ್ಷದ್ದು, ಉಳಿತಾಯಕ್ಕೆ ಚೆನ್ನಾಗಿದೆ, ತಿಂಗಳಿಗೆ 100 ರೂಪಾಯಿಯಿಂದಲೂ ಶುರುಮಾಡಬಹುದು. ಆದರೆ ಜೂನ್‌ನಲ್ಲಿ ಫೀಸು ಕಟ್ಟುವ ದುಡ್ಡನ್ನು 5 ವರ್ಷಕ್ಕೆ ಕಟ್ಟಿಹಾಕಿದರೆ ಏನು ಪ್ರಯೋಜನ? ವರ್ಷದ ಖರ್ಚಿನ ದುಡ್ಡು ಉಳಿತಾಯವೇ ಅಲ್ಲ. ಬಡ್ಡಿ ಕಡಿಮೆ ಬಂದರೂ ಪರವಾಗಿಲ್ಲ, ಬೇಕಾದ ದಿನ ಸಿಗಬೇಕು.

ಇನ್ನೊಂದು ತೊಡಕು ಇದೆ, ಇದನ್ನು ಯಾರೂ ಹೇಳುವುದಿಲ್ಲ. ವರ್ಷದ ಮಧ್ಯದಲ್ಲಿ ಶುರುಮಾಡಿದರೆ ಮೊದಲ ವರ್ಷ ದುಡ್ಡು ಸಾಲುವುದಿಲ್ಲ. ನಾವು ಶುರುಮಾಡಿದ್ದು ಏಪ್ರಿಲ್‌ನಲ್ಲಿ. ಜೂನ್ ಒಂದಕ್ಕೆ ಮೂರು ಕಂತು ಸೇರಿ 40,500 ಆಗಿತ್ತು. ಅಷ್ಟರೊಳಗೆ ಬೇಕಾಗಿದ್ದದ್ದು ಫೀಸಿನ ಮೊದಲ ಕಂತು 32,000, ಪುಸ್ತಕ ಯೂನಿಫಾರಂ 12,000, ಗಾಡಿ ಇನ್ಶೂರೆನ್ಸ್ 2,500, ಮೇ ತಿಂಗಳ ಎರಡು ಮದುವೆಗೆ 4,000. ಒಟ್ಟು 50,500. ಹತ್ತು ಸಾವಿರ ಕಮ್ಮಿ. ಎರಡು ತಿಂಗಳು ಉಳಿತಾಯ ನಿಲ್ಲಿಸಿ, ಅದಕ್ಕೆ ತಿಂಗಳಿಗೆ ಎತ್ತಿಡುವ 5,000ವನ್ನು ಇಲ್ಲಿಗೇ ತಿರುಗಿಸಿದೆವು. ನೀವೂ ಮೊದಲೇ ಮುಂದಿನ ಆರು ತಿಂಗಳ ಲೆಕ್ಕ ಹೀಗೆ ಹಾಕಿ ನೋಡಿ. ಕಮ್ಮಿ ಬಿದ್ದರೆ ಉಳಿತಾಯ ನಿಲ್ಲಿಸುವುದೋ, ಬೋನಸ್ ಹಾಕುವುದೋ, ಸ್ಕೂಲ್‌ನಲ್ಲಿ ಮೂರು ಕಂತು ಕೇಳುವುದೋ, ಈಗಲೇ ತೀರ್ಮಾನಿಸಿ. ಕಂತು ಕೇಳಲು ನಾಚಿಕೆ ಬೇಡ. ಆಫೀಸಿಗೆ ಮೇ ತಿಂಗಳಲ್ಲೇ ಹೋಗಿ ಕೇಳಿದರೆ ಒಪ್ಪುವ ಸಂಭವ ಜಾಸ್ತಿ, ಕೊನೆಯ ದಿನ ಹೋದರೆ ಮುಖ ಗಂಟಿಕ್ಕುತ್ತಾರೆ.

ಹಂತ 4: ಉಳಿದದ್ದನ್ನು ಹಂಚಿ

52,000ದಲ್ಲಿ ವರ್ಷದ ಖಾತೆಗೆ 13,500, ಬಾಡಿಗೆ 13,000, ಉಳಿತಾಯ 5,000 ಹೋದರೆ ಉಳಿಯುವುದು 20,500. ಇದು ನಮ್ಮ ನಿಜವಾದ ತಿಂಗಳ ಬಜೆಟ್. ಹಂಚಿದ್ದು ಹೀಗೆ: ದಿನಸಿ 5,000, ತರಕಾರಿ ಹಣ್ಣು 2,500, ಹಾಲು 2,100, ಗ್ಯಾಸ್ 700, ಪೆಟ್ರೋಲ್ 2,000, ಕರೆಂಟು ನೀರು 500, ಮೊಬೈಲ್ ಇಂಟರ್ನೆಟ್ 1,100, ಔಷಧಿ ಡಾಕ್ಟರ್ 1,000, ಹೊರಗಡೆ ತಿಂಡಿ 1,500, ನಮ್ಮಿಬ್ಬರ ಕೈಖರ್ಚು ತಲಾ 1,000. ಅಲ್ಲಿಗೆ 18,400. ಉಳಿದ 2,100ಕ್ಕೆ ನಾವಿಟ್ಟ ಹೆಸರು "ಗೊತ್ತಿಲ್ಲದ್ದು".

ಈ ಗೊತ್ತಿಲ್ಲದ್ದು ಅನ್ನೋ ಸಾಲು ಖಂಡಿತ ಇರಲಿ. ಪೈಸೆ ಪೈಸೆಗೂ ಹೆಸರಿಟ್ಟ ಬಜೆಟ್ ಹತ್ತನೇ ತಾರೀಖಿಗೇ ಮುರಿಯುತ್ತದೆ, ಮುರಿದ ಮೇಲೆ ಬೇಜಾರಾಗಿ ಬಿಟ್ಟೇಬಿಡುತ್ತೇವೆ. ಮಗುವಿಗೆ ಪ್ರಾಜೆಕ್ಟ್ ಚಾರ್ಟು, ನೆಂಟರು ಬಂದಾಗ ಸ್ವೀಟು, ಚಪ್ಪಲಿ ಕಿತ್ತುಹೋದದ್ದು, ಎಲ್ಲಾ ಇದರಲ್ಲೇ.

ಕೈಖರ್ಚಿನ ವಿಷಯದಲ್ಲಿ ಒಂದೇ ನಿಯಮ: ಲೆಕ್ಕ ಕೇಳುವ ಹಾಗಿಲ್ಲ. ಅವರು ಅದರಲ್ಲಿ ಬೀಡಾ ಹಾಕಲಿ, ನಾನು ಬಳೆ ತಗೊಳ್ಳಲಿ. ಸಾವಿರ ರೂಪಾಯಿಗೆ ಸಿಗುವ ಮನಶ್ಶಾಂತಿ ಬೇರೆಲ್ಲೂ ಇಷ್ಟು ಅಗ್ಗವಾಗಿ ಸಿಗಲ್ಲ.

ಲೆಕ್ಕ ಇಡಲು ನಮ್ಮದು ಬರೀ ವಾಟ್ಸಾಪ್. ನಾವಿಬ್ಬರೇ ಇರುವ ಒಂದು ಗ್ರೂಪ್, ಹೆಸರು "ಮನೆ ಖರ್ಚು". ಕೊಟ್ಟ ತಕ್ಷಣ "ತರಕಾರಿ 180" ಅಂತ ಹಾಕುವುದು, ಅಷ್ಟೇ. ಭಾನುವಾರ ಕೂಡಿ ನೋಡುತ್ತೇವೆ.

ಹಂತ 5: ಅಡುಗೆಮನೆ

ಮಿತವಾಗಿ ಬದುಕೋದು ಅಂದರೆ ಕಡಿಮೆ ತಿನ್ನೋದು ಅಂತ ಯಾರೂ ಅಂದುಕೊಳ್ಳಬಾರದು. ನಮ್ಮ ಅಡುಗೆಯಲ್ಲೇ ಮಿತವ್ಯಯ ಇದೆ, ನಾವು ಮರೆತಿದ್ದೇವೆ. ಬಸ್ಸಾರನ್ನೇ ನೋಡಿ. ಸೊಪ್ಪು ಕಾಳು ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದ ಸೊಪ್ಪು ಕಾಳಿನಲ್ಲಿ ಪಲ್ಯ. ಒಂದೇ ಪಾತ್ರೆ, ಒಂದೇ ಸಲದ ಗ್ಯಾಸು, ಎರಡು ಅಡುಗೆ. ಹುರುಳಿ ಕಟ್ಟಿನ ಸಾರೂ ಅದೇ ಲೆಕ್ಕ. ಮುದ್ದೆ ಇದ್ದ ದಿನ ನಮ್ಮನೆಯಲ್ಲಿ ಅಕ್ಕಿ ಅರ್ಧ ಸಾಕು, ಸಂಜೆ ಐದಕ್ಕೆ ಮಕ್ಕಳು ಬಿಸ್ಕತ್ತು ಕೇಳುವುದೂ ಕಡಿಮೆ.

ವರ್ಷಕ್ಕಾಗುವಷ್ಟು ತಗೊಂಡರೆ ಲಾಭ ಇರುವ ಸಾಮಾನು ಕೆಲವೇ. ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಧನಿಯ. ಹೊಸ ಹುಣಸೆ ಮತ್ತು ಮೆಣಸಿನಕಾಯಿ ಬರುವುದು ಫೆಬ್ರವರಿ, ಮಾರ್ಚ್ ಸುಮಾರಿಗೆ. ಆಗ ತಂದು, ಬಿಸಿಲಲ್ಲಿ ಒಣಗಿಸಿ, ಹುಣಸೆಯ ಬೀಜ ತೆಗೆದು ಕಲ್ಲುಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ವರ್ಷ ಕೆಡುವುದಿಲ್ಲ. ಸಾರಿನ ಪುಡಿ ಮನೆಯಲ್ಲಿ ಹುರಿದು ಮಿಲ್‌ನಲ್ಲಿ ಮಾಡಿಸಿಕೊಂಡರೆ ಪ್ಯಾಕೆಟ್ ಪುಡಿಗಿಂತ ಅಗ್ಗ, ರುಚಿಯ ಮಾತು ಬಿಡಿ. ಬೇಳೆ, ರವೆ, ಹಿಟ್ಟು ಮಾತ್ರ ಕಡಿಮೆಗೆ ಸಿಕ್ಕಿತು ಅಂತ ಹತ್ತು ಕೆಜಿ ತರಬೇಡಿ. ಹುಳು ಬಿದ್ದು ಎಸೆದರೆ ಅಗ್ಗವಾಗಿದ್ದು ಎಲ್ಲಿಂದ ಬಂತು?

ನಾವು ದಿನಸಿಯನ್ನು ತಿಂಗಳಿಗೊಮ್ಮೆ ಸಂತೆಪೇಟೆಯ ಸಗಟು ಅಂಗಡಿಯಿಂದ ತರುತ್ತೇವೆ. ಚೀಟಿ ಬರೆಯುವ ಮುಂಚೆ ಡಬ್ಬಿಗಳನ್ನೆಲ್ಲಾ ಒಮ್ಮೆ ತೆಗೆದು ನೋಡುವುದು ಕಡ್ಡಾಯ, ಇಲ್ಲದಿದ್ದರೆ ಮೂರು ಪ್ಯಾಕೆಟ್ ಶಾವಿಗೆ ಸೇರಿಕೊಂಡಿರುತ್ತದೆ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಂತಲೂ ನಂಬಬೇಡಿ. ಬೆಲೆಯನ್ನು ಗ್ರಾಂಗೆ ಭಾಗಿಸಿ ನೋಡಿ, ಫೋನ್ ಕೈಯಲ್ಲೇ ಇರುತ್ತದಲ್ಲ.

ತರಕಾರಿಗೆ ಮೆನು ಮೊದಲೇ ಬರೆದುಕೊಂಡು ಹೋಗುವುದು ನನಗೆ ಸರಿಬರಲಿಲ್ಲ. ಅಂಗಡಿಯಲ್ಲಿ ಯಾವುದು ಅಗ್ಗವಾಗಿದೆಯೋ ಅದನ್ನು ತಂದು, ಆಮೇಲೆ ಅಡುಗೆ ಏನು ಅಂತ ಯೋಚಿಸುತ್ತೇನೆ. ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ರಾಶಿ ಬಿದ್ದಿರುವಾಗ ಕ್ಯಾಪ್ಸಿಕಂ ಯಾಕೆ? 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿದಾಗ ನಮ್ಮನೆಯಲ್ಲಿ ತಿಂಗಳೆಲ್ಲಾ ಹುಣಸೆ ಹಾಕಿದ ಸಾರೇ. ಯಾರೂ ಸತ್ತಿಲ್ಲ. ಹಾಪ್‌ಕಾಮ್ಸ್ ಹತ್ತಿರದಲ್ಲಿದ್ದರೆ ಬೋರ್ಡಿನ ರೇಟು ನೋಡಿಕೊಂಡು ಮುಂದೆ ಹೋಗಿ. ಅಲ್ಲಿ ತಗೊಳ್ಳದಿದ್ದರೂ ಗಾಡಿಯವರ ಹತ್ತಿರ ಮಾತಾಡಲು ಒಂದು ಅಳತೆ ಸಿಗುತ್ತದೆ. ಸೊಪ್ಪು ಮಾರುವ ಅಜ್ಜಿ ಹತ್ತಿರ ಮಾತ್ರ ಐದು ರೂಪಾಯಿಗೆ ಚೌಕಾಸಿ ಮಾಡಬೇಡಿ, ಅದರಿಂದ ಯಾರ ಬಜೆಟ್ಟೂ ಉದ್ಧಾರ ಆಗಿಲ್ಲ.

ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆಪ್‌ಗಳ ಬಗ್ಗೆ ಒಂದು ಮಾತು. ಕೊತ್ತಂಬರಿ ಸೊಪ್ಪಿಗೆ ಅಂತ ತೆರೆಯುತ್ತೇವೆ, ಡೆಲಿವರಿ ಫ್ರೀ ಆಗಲು ಇನ್ನೂ 120 ರೂಪಾಯಿ ಬೇಕು ಅನ್ನುತ್ತದೆ, ಚಿಪ್ಸು ಐಸ್‌ಕ್ರೀಂ ಸೇರುತ್ತದೆ. ನಮ್ಮ ಹಳೆಯ ಸ್ಟೇಟ್‌ಮೆಂಟ್‌ನಲ್ಲಿ ಇಂಥದ್ದು ತಿಂಗಳಿಗೆ ಒಂಬತ್ತು ಹತ್ತು ಸಲ ಇತ್ತು. ಈಗ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇವೆ. ಖಾಲಿಯಾದದ್ದನ್ನು ಅದರಲ್ಲಿ ಬರೆಯುವುದು, ವಾರಕ್ಕೆ ಒಂದೇ ಸಲ ತರಿಸುವುದು. ಕೊತ್ತಂಬರಿ ಇಲ್ಲದ ದಿನ ಕರಿಬೇವು ಇದ್ದೇ ಇರುತ್ತದೆ.

ಹಾಲು: ದಿನಕ್ಕೆ ಒಂದೂವರೆ ಲೀಟರ್. ನಂದಿನಿ ಹಾಲಿಗೆ 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದಾಗ ನಮಗೆ ತಿಂಗಳಿಗೆ 180 ಹೆಚ್ಚಾಯಿತು. ಹಾಲು ಕಡಿಮೆ ಮಾಡಲಿಲ್ಲ, ಮೊಸರಿನ ಪ್ಯಾಕೆಟ್ ನಿಲ್ಲಿಸಿ ಮನೆಯಲ್ಲೇ ಹೆಪ್ಪು ಹಾಕಲು ಶುರುಮಾಡಿದೆವು. ಅದರಲ್ಲೇ ಸರಿಹೋಯಿತು.

ಹಂತ 6: ಕರೆಂಟು, ಗ್ಯಾಸು, ಓಡಾಟ

ಗೃಹಜ್ಯೋತಿ ಇರುವ ಮನೆಯವರು ಇದನ್ನು ಗಮನವಿಟ್ಟು ಓದಿ. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮೀಟರ್‌ನ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ 10% ಸೇರಿಸಿದರೆ ಬರುವುದು ನಿಮ್ಮ ಮಿತಿ (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 10% ಬದಲು 10 ಯೂನಿಟ್). ಸರಾಸರಿ 110 ಇದ್ದರೆ ಮಿತಿ 121. ತಿಂಗಳಿಗೆ 140 ಉರಿಸಿದರೆ ಮೇಲಿನ 19 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಆದರೆ 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಒಂದು ಯೂನಿಟ್ ಹೆಚ್ಚಾಗಿದ್ದಕ್ಕೆ ಸಾವಿರದ ಮೇಲೆ ಬಿಲ್ ಬರುತ್ತದೆ.

ಅದಕ್ಕೆ ಮೀಟರ್ ರೀಡಿಂಗ್ ಆದ ಹದಿನೈದನೇ ದಿನ ನೀವೇ ಒಮ್ಮೆ ಮೀಟರ್ ನೋಡಿ. ಹಿಂದಿನ ರೀಡಿಂಗ್‌ನಿಂದ ನೂರು ಯೂನಿಟ್ ದಾಟಿದ್ದರೆ ಎಚ್ಚರ. ಎಲ್ಲಕ್ಕಿಂತ ಜಾಸ್ತಿ ತಿನ್ನುವುದು ಗೀಸರ್. 2,000 ವ್ಯಾಟ್‌ನ ಗೀಸರ್ ದಿನಕ್ಕೆ 40 ನಿಮಿಷ ಉರಿದರೆ ತಿಂಗಳಿಗೆ 40 ಯೂನಿಟ್. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಮತ್ತೆ ಮತ್ತೆ ಕಾಯಿಸುವುದು ತಪ್ಪುತ್ತದೆ. ಹಳೆಯ 75 ವ್ಯಾಟ್ ಫ್ಯಾನ್ ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 34 ಯೂನಿಟ್, ಕಡಿಮೆ ಕರೆಂಟು ತಿನ್ನುವ 28 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಆದರೆ 13ಕ್ಕಿಂತ ಕಡಿಮೆ. ಹಾಗಂತ ಇವತ್ತೇ ನಾಲ್ಕೂ ಫ್ಯಾನ್ ಬದಲಿಸಲು ಓಡಬೇಡಿ. ಕೆಟ್ಟಾಗ ಬದಲಿಸಿ. ಇನ್ನು ಬಾಡಿಗೆ ಮನೆ ಬದಲಿಸುವವರು ಹಳೆಯ ಮನೆಯ ಮೀಟರ್‌ನಿಂದ ಆಧಾರ್ ಡಿ-ಲಿಂಕ್ ಮಾಡಿಸದಿದ್ದರೆ ಹೊಸ ಮನೆಯಲ್ಲಿ ಯೋಜನೆ ಸಿಗುವುದಿಲ್ಲ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಮಾಡಬಹುದು.

ಗ್ಯಾಸ್ ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನಮಗೆ 14.2 ಕೆಜಿ ಸಿಲಿಂಡರ್ 40 ದಿನದ ಆಸುಪಾಸು ಬರುತ್ತದೆ. ಒಮ್ಮೆ 31 ದಿನಕ್ಕೇ ಮುಗಿದಾಗ ಪೈಪ್ ನೋಡಿಸಿದೆವು, ಹಳೆಯದಾಗಿ ಬಿರುಕು ಬಿಟ್ಟಿತ್ತು. ಆ ಗುರುತು ಹಾಕದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಓಡಾಟದಲ್ಲಿ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ನಾನು ಮಾರ್ಕೆಟ್‌ಗೆ ಬಸ್ಸಿನಲ್ಲೇ ಹೋಗುತ್ತೇನೆ. ಗಾಡಿ ಮನೆಯಲ್ಲೇ. ಬರುವಾಗ ಚೀಲ ಭಾರ ಇದ್ದರೆ ಆಟೋ, ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಂತ 7: ಸಾಲ ಇದ್ದರೆ

ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಉಳಿತಾಯದ 5,000 ಮೊದಲು ಅಲ್ಲಿಗೆ ಹೋಗಲಿ. ಲೆಕ್ಕ ನೋಡಿ. 20,000 ಬಾಕಿ, ತಿಂಗಳಿಗೆ 3.5% ಬಡ್ಡಿ, ಅಂದರೆ 700. ಬಡ್ಡಿಯ ಮೇಲೆ 18% ಜಿಎಸ್‌ಟಿ 126. ನೀವು "ಮಿನಿಮಮ್ ಡ್ಯೂ" ಅಂತ 1,000 ಕಟ್ಟಿದರೆ ಅಸಲು ಇಳಿಯುವುದು 174 ರೂಪಾಯಿ. ಅದರ ಜೊತೆ ಬಾಕಿ ಇರುವಾಗ ಹೊಸದಾಗಿ ತಗೊಂಡ ಸಾಮಾನಿಗೂ ಅವತ್ತಿನಿಂದಲೇ ಬಡ್ಡಿ. ಬ್ಯಾಂಕಿನಲ್ಲಿ ಚಿನ್ನ ಇಟ್ಟು ಸಾಲ ತಂದರೆ ಬಡ್ಡಿ ಇದರ ಕಾಲು ಭಾಗದಷ್ಟಿರುತ್ತದೆ. ಬಳೆ ಅಡ ಇಡುವುದು ಅವಮಾನ ಅಂತ ಕಾರ್ಡಿಗೆ 42% ಕಟ್ಟುತ್ತಾ ಕೂತವರನ್ನು ನೋಡಿದ್ದೇನೆ. ಆ ಕಾರ್ಡ್ ತೀರಿದ ಮೇಲೆ ಮತ್ತೆ ಉಜ್ಜಬಾರದು ಅಷ್ಟೇ.

ಚೀಟಿ ಹಾಕುವವರಿಗೆ: ಶಿಸ್ತಿಗೆ ಒಳ್ಳೆಯದೇ. ಆದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ರಿಜಿಸ್ಟರ್ ಆಗಿದೆಯೇ ಕೇಳಿ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬಾಯಿಮಾತಿನ ಚೀಟಿಯಲ್ಲಿ ನನ್ನದೂ ಒಮ್ಮೆ 18,000 ಹೋಗಿದೆ, ಅದರ ಕಥೆ ಬೇಡ ಬಿಡಿ.

ಸಾಲ ಮುಗಿದ ಮೇಲೆ ಉಳಿತಾಯದಲ್ಲಿ ಮೊದಲು ಮೂರು ತಿಂಗಳ ಮನೆ ಖರ್ಚಿನಷ್ಟು ಕೈಗೆಟುಕುವ ಕಡೆ ಇರಲಿ, ಎಫ್‌ಡಿ ಸಾಕು. ಹೆಚ್ಚು ಬಡ್ಡಿ ಕೊಡುತ್ತಾರೆ ಅಂತ ಎಲ್ಲವನ್ನೂ ಒಂದೇ ಸಹಕಾರಿ ಬ್ಯಾಂಕ್‌ನಲ್ಲಿ ಇಡಬೇಡಿ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಸಿಗುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ. ಸೌಹಾರ್ದ, ಪತ್ತಿನ ಸಹಕಾರ ಸಂಘಗಳಿಗೆ ಅದೂ ಇಲ್ಲ, ಆರ್‌ಬಿಐ ಲೈಸೆನ್ಸ್ ಇರುವ ಬ್ಯಾಂಕೇ ಅಂತ ಕೇಳಿ ನೋಡಿ.

ಹಂತ 8: ಮುಯ್ಯಿ ಮತ್ತು ನೆಂಟರು

ಎಲ್ಲಾ ಕಡೆ ಕಡಿಮೆ ಮಾಡಿದರೂ ಇಲ್ಲಿ ಮಾಡಲು ಧೈರ್ಯ ಬರುವುದಿಲ್ಲ. ನಮ್ಮ ಅತ್ತೆಯ ಹತ್ತಿರ ಒಂದು ಮುಯ್ಯಿ ಪುಸ್ತಕ ಇದೆ. ನಮ್ಮ ಮದುವೆಗೆ ಯಾರು ಎಷ್ಟು ಓದಿಸಿದರು, ಯಾರು ಸ್ಟೀಲ್ ಡಬ್ಬಿ ಕೊಟ್ಟರು, ಎಲ್ಲಾ ಇದೆ. ಮೊದಲು ಅದನ್ನು ನೋಡಿ ನಗುತ್ತಿದ್ದೆ. ಈಗ ನಾನೂ ಅದರಲ್ಲಿ ಬರೆಯುತ್ತೇನೆ. ಯಾಕೆಂದರೆ ಎದುರಿಗೆ ಲೆಕ್ಕ ಇದ್ದರೆ "ಅವರೆಷ್ಟು ಕೊಟ್ಟಿದ್ದರೋ ಏನೋ, ಇರಲಿ ಎರಡು ಸಾವಿರ" ಅಂತ ಕವರ್ ದಪ್ಪ ಮಾಡುವುದು ನಿಲ್ಲುತ್ತದೆ.

ನಾವು ಮೂರು ದರ ಮಾಡಿಕೊಂಡೆವು. ಒಡಹುಟ್ಟಿದವರ ಮಕ್ಕಳು ಅಂದರೆ ಅದು ಬೇರೆಯೇ ಲೆಕ್ಕ, ವರ್ಷದ ಮೊದಲೇ ಗೊತ್ತಿರುತ್ತದೆ, ಪಟ್ಟಿಯಲ್ಲಿ ಬೇರೆ ಸಾಲು. ಹತ್ತಿರದ ನೆಂಟರು, ಸ್ನೇಹಿತರಿಗೆ 1,001. ಆಫೀಸು, ಬೀದಿ, ಪರಿಚಯದವರಿಗೆ 301. ದೂರದ ಊರಿನ ಮದುವೆಗೆ ನಾಲ್ಕೂ ಜನ ಹೋಗದೆ ಒಬ್ಬರು ಹೋಗಿಬರುವುದು, ಕೆಲವಕ್ಕೆ ಫೋನ್ ಮಾಡಿ ಹಾರೈಸುವುದು. ಮೊದಲ ವರ್ಷ ಒಂದಿಬ್ಬರು "ಏನಮ್ಮಾ, ದೊಡ್ಡವರಾಗಿಬಿಟ್ರಿ" ಅಂದರು. ಎರಡನೇ ವರ್ಷ ಯಾರೂ ಗಮನಿಸಲೇ ಇಲ್ಲ. ಅತ್ತೆಗೆ ಒಪ್ಪಿಸುವುದೇ ಕಷ್ಟವಾಯಿತು. "ಅತ್ತೆ, ನಿಮ್ಮ ಪುಸ್ತಕವೇ ಹೇಳ್ತಿದೆ, ಅವರು ನಮಗೆ ಕೊಟ್ಟಿದ್ದು 101" ಅಂದಾಗ ಸುಮ್ಮನಾದರು.

ಕಡಿಮೆ ಮಾಡಬಾರದ ಜಾಗಗಳೂ ಇವೆ. ಆರೋಗ್ಯ ವಿಮೆ ಬಿಡಬೇಡಿ. ಮನೆಗೆಲಸದವರ ಸಂಬಳ, ದಸರಾಗೆ ಅವರಿಗೆ ಕೊಡುವ ಸೀರೆ, ಅಲ್ಲಿ ಕೈ ಬಿಗಿ ಮಾಡಿದರೆ ಅದು ಬರೀ ಜಿಪುಣತನ. ದಿನಾ ನುಂಗುವ ಬಿಪಿ, ಶುಗರ್ ಮಾತ್ರೆಗೆ ಮಾತ್ರ ಡಾಕ್ಟರ್ ಹತ್ತಿರ ಕೇಳಿ ಜನೌಷಧಿ ಕೇಂದ್ರದಲ್ಲಿ ಅದೇ ಮಾತ್ರೆಯ ಜೆನೆರಿಕ್ ನೋಡಿ. ಮಾವನವರ ಮಾತ್ರೆಯ ಬಿಲ್ ಅರ್ಧಕ್ಕಿಂತ ಕೆಳಗೆ ಬಂತು.

ಹಂತ 9: ಭಾನುವಾರದ ಇಪ್ಪತ್ತು ನಿಮಿಷ, ಮತ್ತು ಲೆಕ್ಕ ತಪ್ಪಿದಾಗ

ವಾರಕ್ಕೊಮ್ಮೆ ಕೂತು ವಾಟ್ಸಾಪ್ ಗ್ರೂಪ್ ನೋಡಿ ಕೂಡುವುದು. ಜಗಳದ ಮೂಡ್ ಇದ್ದರೆ ಸೋಮವಾರಕ್ಕೆ ಮುಂದೂಡಿ. ತರಕಾರಿಗೆ ಇಟ್ಟದ್ದು ಇಪ್ಪತ್ತನೇ ತಾರೀಖಿಗೇ ಮುಗಿದಿದ್ದರೆ "ಈ ತಿಂಗಳ ಬಜೆಟ್ ಕೆಟ್ಟಿತು" ಅಂತ ಕೈ ಚೆಲ್ಲಬೇಡಿ. ಹೊರಗಡೆ ತಿಂಡಿಯ ಸಾಲಿನಿಂದ 400 ತೆಗೆದು ತರಕಾರಿಗೆ ಹಾಕಿ, ಹಾಗೆ ಮಾಡಿದ್ದನ್ನು ಬರೆದಿಡಿ. ಮೂರು ತಿಂಗಳು ಒಂದೇ ಸಾಲು ತಪ್ಪುತ್ತಿದ್ದರೆ ನೀವು ದುಂದು ಮಾಡುತ್ತಿಲ್ಲ, ಇಟ್ಟ ಅಂಕಿಯೇ ತಪ್ಪು. ನಾವು ತರಕಾರಿಗೆ ಮೊದಲು 1,800 ಇಟ್ಟಿದ್ದೆವು. ಅದು ಆಸೆಯ ಅಂಕಿ, 2,500ಕ್ಕೆ ಏರಿಸಿದ ಮೇಲೆ ನಿಂತಿತು. ಒಂದು ಕಡೆ ಮಾತ್ರ ಕೈ ಹಾಕಬಾರದು, ವರ್ಷದ ಖಾತೆ. ಅಲ್ಲಿಂದ ಒಮ್ಮೆ ತೆಗೆದರೆ ಅದು ಎಟಿಎಂ ಆಗಿಬಿಡುತ್ತದೆ.

ಮಕ್ಕಳನ್ನೂ ಸೇರಿಸಿಕೊಳ್ಳಿ. ಹನ್ನೊಂದು ವರ್ಷದ ಮಗಳಿಗೆ ತಿಂಗಳಿಗೊಂದು ಶನಿವಾರ 300 ಕೊಟ್ಟು ತರಕಾರಿ ತರಲು ಬಿಡುತ್ತೇವೆ. ಮೊದಲ ಸಲ ಸ್ಟ್ರಾಬೆರಿ ತಂದಳು, ಈರುಳ್ಳಿ ತರಲಿಲ್ಲ. ಆ ವಾರ ಈರುಳ್ಳಿ ಇಲ್ಲದೆ ಉಪ್ಪಿಟ್ಟು ತಿಂದೆವು. ಈಗ ನನಗಿಂತ ಚೆನ್ನಾಗಿ ರೇಟು ಕೇಳುತ್ತಾಳೆ.

ಯುಗಾದಿ ಮುಗಿದ ವಾರ ಹೊಸ ವರ್ಷಕ್ಕೆ ಪಟ್ಟಿಯನ್ನು ಮತ್ತೆ ಬರೆಯುತ್ತೇವೆ, ಹೊಸ ಫೀಸು ಆಗಲೇ ಗೊತ್ತಾಗಿರುತ್ತದೆ. ಈ ವರ್ಷದ್ದು 1,71,000ಕ್ಕೆ ಹೋಗಿದೆ, ಅಂದರೆ ತಿಂಗಳಿಗೆ 14,250. ಹೆಚ್ಚಾದ 750 ಎಲ್ಲಿಂದ ಬರಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಮನೆಯವರು ಹೊರಗಡೆ ತಿಂಡಿಯ ಮೇಲೆ ಕಣ್ಣಿಟ್ಟಿದ್ದಾರೆ, ನಾನು ಪೆಟ್ರೋಲ್ ಮೇಲೆ.